ಇಪ್ಪತ್ತು ಡಿಗ್ರಿಯ ಕೋಣೆಯಲ್ಲಿ ಥೈರಾಯ್ಡ್

ಪೀಣ್ಯ ಕೈಗಾರಿಕಾ ಪ್ರದೇಶದ ನಮ್ಮ ಕಾರ್ಖಾನೆಯಲ್ಲಿ ಹೈಡ್ರಾಲಿಕ್ ಪಂಪುಗಳ ಬಿಡಿಭಾಗಗಳು ತಯಾರಾಗುತ್ತವೆ. ಅವುಗಳ ಅಂತಿಮ ಅಳತೆ ನೋಡುವ ಸ್ಟ್ಯಾಂಡರ್ಡ್ ರೂಮಿನಲ್ಲಿ ನಾನು ಇನ್‌ಸ್ಪೆಕ್ಟರ್. ಹೊರಗೆ ಏಪ್ರಿಲ್ ತಿಂಗಳ ಬಿಸಿಲಿರಲಿ, ಜುಲೈ ತಿಂಗಳ ಜಿಟಿಜಿಟಿ ಮಳೆಯಿರಲಿ, ಆ ಕೋಣೆಯ ಉಷ್ಣತೆ ಹಗಲಿರುಳೂ 20 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಇರಬೇಕು. ಇದು ಮಾಲೀಕರ ಮರ್ಜಿಯಲ್ಲ. ಉದ್ದವನ್ನು ಅಳೆಯುವಾಗ ವಸ್ತು 20 ಡಿಗ್ರಿಯಲ್ಲಿರಬೇಕೆಂದು ಅಂತರರಾಷ್ಟ್ರೀಯ ತೂಕ ಮತ್ತು ಅಳತೆಗಳ ಸಮಿತಿ 1931ರಲ್ಲಿಯೇ ನಿಗದಿಪಡಿಸಿದೆ. ಒಂದು ಮೀಟರ್ ಉದ್ದದ ಉಕ್ಕು ಒಂದು ಡಿಗ್ರಿ ಬಿಸಿಯಾದರೆ ಸುಮಾರು 11.5 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಹಿಗ್ಗುತ್ತದೆ. ನಾವು ನೋಡುವ ಕೆಲವು ಬೋರುಗಳ, ಅಂದರೆ ಕೊರೆದ ರಂಧ್ರಗಳ, ಅಳತೆಯಲ್ಲಿ ಒಪ್ಪಬಹುದಾದ ವ್ಯತ್ಯಾಸ (ಟಾಲರೆನ್ಸ್) ಅದಕ್ಕಿಂತ ಕಡಿಮೆ. ಆದ್ದರಿಂದ 2022ರಲ್ಲಿ ನನಗೆ ಹೈಪೋಥೈರಾಯ್ಡಿಸಂ, ಅಂದರೆ ಥೈರಾಯ್ಡ್ ಗ್ರಂಥಿ ಸಾಕಷ್ಟು ಹಾರ್ಮೋನ್ ತಯಾರಿಸದ ಕಾಯಿಲೆ, ಇದೆಯೆಂದು ಗೊತ್ತಾಗಿ, ಕೆಲಸದ ಜಾಗದಲ್ಲಿ ಕೆಲವು ಬದಲಾವಣೆಗಳನ್ನು ಕೇಳಬೇಕಾಗಿ ಬಂದಾಗ, ಎಲ್ಲರೂ ಮೊದಲಿಗೆ ಹೇಳುವ 'ಎಸಿ ಸ್ವಲ್ಪ ಕಡಿಮೆ ಮಾಡಿಸಿಕೊಳ್ಳಿ' ಎಂಬ ಉಪಾಯ ನನ್ನ ಪಾಲಿಗೆ ಇರಲೇ ಇಲ್ಲ.

ಕಾಯಿಲೆ ಗೊತ್ತಾಗುವುದಕ್ಕೆ ಬಹಳ ತಿಂಗಳು ಮೊದಲೇ ಅದರ ಲಕ್ಷಣಗಳು ಶುರುವಾಗಿದ್ದವು. ಜಾಕೆಟ್ ಹಾಕಿಕೊಂಡರೂ ಬೆನ್ನಿನೊಳಗೆ ಚಳಿ ಕೂತಿರುತ್ತಿತ್ತು, ದನಿ ಒಡೆದಂತಾಗಿತ್ತು, ಊಟ ಅಷ್ಟೇ ಇದ್ದರೂ ತೂಕ ಏರುತ್ತಿತ್ತು. ರಾತ್ರಿ ಪಾಳಿಯಲ್ಲಿ ಮೂರು ಗಂಟೆಯ ಹೊತ್ತಿಗೆ ಬರುತ್ತಿದ್ದುದು ಬರೀ ನಿದ್ದೆಯಲ್ಲ. ನೋಡಿದ ಅಂಕಿ ಬರೆಯುವಷ್ಟರಲ್ಲಿ ಮನಸ್ಸಿನಿಂದ ಜಾರಿಹೋಗುವಂಥ ಮಂಕು. ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಟ್ಟದ್ದು ಬಲಗೈಯ ಮೊದಲ ಮೂರು ಬೆರಳುಗಳ ಜೋಮು. ರಂಧ್ರದ ವ್ಯಾಸ ಅಳೆಯುವ ಡಯಲ್ ಬೋರ್ ಗೇಜನ್ನು ಒಳಗೆ ಇಳಿಸಿದ ಮೇಲೆ ಅದನ್ನು ಹಿಂದೆ ಮುಂದೆ ಮೆಲ್ಲಗೆ ತೂಗಿ, ಮುಳ್ಳು ಎಲ್ಲಿ ಮುಟ್ಟಿ ಹಿಂತಿರುಗುತ್ತದೆಯೋ ಆ ಕನಿಷ್ಠ ರೀಡಿಂಗನ್ನು ಹಿಡಿಯಬೇಕು. ಅದು ಕಣ್ಣಿನಷ್ಟೇ ಬೆರಳಿನ ಕೆಲಸ. ಬೆರಳಿಗೆ ಸ್ಪರ್ಶವೇ ಸರಿಯಾಗಿ ತಿಳಿಯದಿದ್ದಾಗ ಒಂದೊಂದು ಬೋರನ್ನೂ ನಂಬಿಕೆ ಬರುವವರೆಗೆ ಮತ್ತೆ ಮತ್ತೆ ನೋಡುತ್ತಿದ್ದೆ. ತಪ್ಪಾದ ವರದಿ ಯಾವುದೂ ಹೋಗಲಿಲ್ಲ, ಆದರೆ ವರದಿಗಳು ತಡವಾಗುತ್ತಿದ್ದವು, ಡಿಸ್ಪ್ಯಾಚ್‌ನವರು ಬಾಗಿಲಲ್ಲಿ ನಿಂತು ಕಾಯುತ್ತಿದ್ದರು.

ಕೊನೆಗೆ ರಕ್ತ ಪರೀಕ್ಷೆಯಾದಾಗ, ಥೈರಾಯ್ಡ್ ಸೋತಷ್ಟೂ ಏರುವ ಹಾರ್ಮೋನ್ ಆದ ಟಿಎಸ್‌ಎಚ್ 43 ಬಂದಿತ್ತು. ಮೇಲ್ಮಿತಿ ನಾಲ್ಕಕ್ಕಿಂತ ತುಸು ಹೆಚ್ಚು. ನಮ್ಮ ಕಸುಬಿನ ಮಾತಿನಲ್ಲಿ ಹೇಳುವುದಾದರೆ ಸ್ಪೆಸಿಫಿಕೇಷನ್ನಿನ ಹತ್ತು ಪಟ್ಟು ಹೊರಗಿನ ರೀಡಿಂಗ್. ಥೈರಾಯ್ಡಿನ ವಿರುದ್ಧ ದೇಹವೇ ತಯಾರಿಸುವ ಆಂಟಿ ಟಿಪಿಒ ಪ್ರತಿಕಾಯಗಳೂ ಹೆಚ್ಚಿದ್ದುದರಿಂದ, ಇದು ಅಯೋಡಿನ್ ಕೊರತೆಯಿಂದ ಬಂದದ್ದಲ್ಲ, ದೇಹದ ರಕ್ಷಣಾ ವ್ಯವಸ್ಥೆಯೇ ಥೈರಾಯ್ಡ್ ಗ್ರಂಥಿಯ ಮೇಲೆ ಎರಗುವ ಹಾಶಿಮೋಟೊ ಎಂಬ ತೊಂದರೆ ಎಂದು ವೈದ್ಯರು ಹೇಳಿದರು. ಜಪಾನಿನ ವೈದ್ಯ ಹಕಾರು ಹಾಶಿಮೋಟೊ 1912ರಲ್ಲಿ ಇದನ್ನು ವಿವರಿಸಿದ್ದರಿಂದ ಆ ಹೆಸರು. ಹೆಂಗಸರಲ್ಲಿ ಗಂಡಸರಿಗಿಂತ ಹಲವು ಪಟ್ಟು ಹೆಚ್ಚು ಕಾಣುವ ಕಾಯಿಲೆಯಾದ್ದರಿಂದ, ವಿಷಯ ತಿಳಿದ ದಿನ ಅಸೆಂಬ್ಲಿ ವಿಭಾಗದ ಹುಡುಗನೊಬ್ಬ, 'ಅದು ಲೇಡೀಸ್ ಕಾಯಿಲೆ ಅಲ್ವಾ ಸಾರ್?' ಎಂದು ತೀರಾ ಮುಗ್ಧವಾಗಿ ಕೇಳಿದ. ನಾನು ನಕ್ಕು ಸುಮ್ಮನಾದೆ. ಆದರೆ ಆ ಒಂದು ಪ್ರಶ್ನೆಯ ಕಾರಣಕ್ಕೇ ವಿಷಯವನ್ನು ಆಫೀಸಿಗೆ ಹೇಳದೆ ಇರುವ ಗಂಡಸರು ಬಹಳ ಮಂದಿ ಇರಬೇಕು ಎಂದು ನನಗೆ ಈಗಲೂ ಅನಿಸುತ್ತದೆ.

ವೈದ್ಯರು ಥೈರಾಯ್ಡ್ ಹಾರ್ಮೋನಿನ ಮಾತ್ರೆಯಾದ ಲೆವೊಥೈರಾಕ್ಸಿನ್ 50 ಮೈಕ್ರೋಗ್ರಾಂನಿಂದ ಆರಂಭಿಸಿದರು. ಈ ಮಾತ್ರೆಯ ನಿಯಮಗಳು ಮನೆಯಲ್ಲಿರುವವರಿಗೆ ಸುಲಭ, ಪಾಳಿ ಬದಲಾಗುವ ಕಾರ್ಮಿಕನಿಗೆ ಕಷ್ಟ. ಅದನ್ನು ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ, ತಿಂಡಿಗೂ ಕಾಫಿಗೂ ಮುನ್ನ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬಿಡಬೇಕು. ಕ್ಯಾಲ್ಸಿಯಂ ಅಥವಾ ಕಬ್ಬಿಣದ ಮಾತ್ರೆಗಳಿದ್ದರೆ ನಾಲ್ಕು ಗಂಟೆ ದೂರವಿಡಬೇಕು. ಬೆಳಗಿನ ಬದಲು ರಾತ್ರಿ ಮಲಗುವಾಗ ತೆಗೆದುಕೊಳ್ಳಬಹುದು, ಆದರೆ ಊಟವಾಗಿ ಕನಿಷ್ಠ ಮೂರು ಗಂಟೆ ಕಳೆದಿರಬೇಕು. ನಮ್ಮಲ್ಲಿ ಪಾಳಿ ವಾರಕ್ಕೊಮ್ಮೆ ತಿರುಗುತ್ತದೆ: ಬೆಳಿಗ್ಗೆ ಆರರಿಂದ ಎರಡು, ಎರಡರಿಂದ ಹತ್ತು, ರಾತ್ರಿ ಹತ್ತರಿಂದ ಆರು. ಮೊದಲ ಪಾಳಿಯ ವಾರ ನಸುಕಿನ ನಾಲ್ಕೂಕಾಲಿಗೆ ಎದ್ದು ಮಾತ್ರೆ ನುಂಗಿದರೆ ಗೇಟಿನ ಎದುರಿನ ಟೀ ಅಂಗಡಿ ತಲುಪುವಷ್ಟರಲ್ಲಿ ಗಂಟೆ ಕಳೆದಿರುತ್ತದೆ, ಅದು ಸರಿಹೋಗುತ್ತಿತ್ತು. ರಾತ್ರಿ ಪಾಳಿಯ ವಾರ ಮಾತ್ರ ಎಲ್ಲವೂ ತಲೆಕೆಳಗು. ಎರಡು ಗಂಟೆಗೆ ಕ್ಯಾಂಟೀನಿನ ಊಟ, ನಾಲ್ಕಕ್ಕೆ ಟೀ, ಆರೂವರೆಗೆ ಹಸಿದು ಮನೆಗೆ ಬಂದು ತಿಂಡಿ, ಆಮೇಲೆ ನಿದ್ದೆ. ಹೊಟ್ಟೆ ಖಾಲಿಯಿರುವ ಹೊತ್ತು ಯಾವುದೆಂದು ಹುಡುಕಬೇಕಾಗುತ್ತಿತ್ತು. ಹೆಚ್ಚಿನ ಮಾತ್ರೆಗಳನ್ನು ಅಡುಗೆಮನೆಯ ಕಪಾಟಿನಲ್ಲಿಟ್ಟು ಕೈಗೆ ಸಿಕ್ಕಿದಾಗ ನುಂಗಿದಂತೆ ಇದನ್ನು ನುಂಗಲಾಗುವುದಿಲ್ಲ. ಬೈಕಿನ ಡಿಕ್ಕಿಯಲ್ಲಿಟ್ಟುಕೊಂಡು ಹೋಗೋಣವೆಂದರೆ ಬಿಸಿಗೂ ತೇವಕ್ಕೂ ಅದು ಕೆಡುತ್ತದೆ.

ಇದಕ್ಕಿಂತ ಮುಖ್ಯವಾದ ಸಂಗತಿಯನ್ನು ವೈದ್ಯರು ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು. ಲೆವೊಥೈರಾಕ್ಸಿನ್ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಏಳು ದಿನ ಬೇಕು. ಆದ್ದರಿಂದ ಪ್ರಮಾಣ ಬದಲಿಸಿದ ಮೇಲೆ ದೇಹ ಹೊಸ ಮಟ್ಟದಲ್ಲಿ ನೆಲೆಗೊಂಡು ಟಿಎಸ್‌ಎಚ್ ನಿಜವನ್ನು ಹೇಳಲು ಆರರಿಂದ ಎಂಟು ವಾರ ಬೇಕು. 50ರಿಂದ 75, 75ರಿಂದ 100 ಹೀಗೆ ಪ್ರತಿ ಮೆಟ್ಟಿಲಿಗೂ ಅಷ್ಟು ಕಾಯುವುದೆಂದರೆ ತಿಂಗಳುಗಳ ಲೆಕ್ಕ. ಕಾರ್ಖಾನೆಯಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ಯಾವಾಗ ಸರಿಹೋಗುತ್ತೀರಿ? ಜ್ವರವೆಂದರೆ ಮೂರು ದಿನ, ಮೂಳೆ ಮುರಿದರೆ ಆರು ವಾರ ಎಂದು ಅವರಿಗೆ ಗೊತ್ತು. ಕೆಲಸ ಮಾಡಬಲ್ಲ, ಆದರೆ ಮೊದಲಿನಂತೆ ಎಲ್ಲ ಹೊತ್ತಿನಲ್ಲಿಯೂ ಮಾಡಲಾರ, ಕೆಲವು ತಿಂಗಳ ನಂತರ ಮಾಡಬಲ್ಲ ಎನ್ನುವ ಸ್ಥಿತಿಗೆ ನಮ್ಮ ಯಾವ ರಿಜಿಸ್ಟರಿನಲ್ಲಿಯೂ ಕಾಲಂ ಇರಲಿಲ್ಲ.

ಮೊದಲು ಮೇಲ್ವಿಚಾರಕರಿಗೆ ಬಾಯಿಮಾತಿನಲ್ಲಿ ಹೇಳಿದೆ. ಅವರು ಕೆಟ್ಟವರಲ್ಲ. 'ಅಯ್ಯೋ, ಅದಕ್ಕೇನ್ರೀ, ನಮ್ಮ ಮನೆಯವ್ರಿಗೂ ಇದೆ, ಬೆಳಿಗ್ಗೆ ಒಂದು ಮಾತ್ರೆ ತಗೊಂಡ್ರೆ ಆಯ್ತು' ಎಂದರು. ನಾನು ಎದುರಿಸಿದ ಅಡ್ಡಿಗಳಲ್ಲಿ ಇದೇ ದೊಡ್ಡದು. ಬೆಂಗಳೂರೂ ಸೇರಿದಂತೆ ದೇಶದ ಎಂಟು ನಗರಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ವಯಸ್ಕರ ಪೈಕಿ ಶೇಕಡಾ 11ರಷ್ಟು ಮಂದಿಗೆ ಹೈಪೋಥೈರಾಯ್ಡಿಸಂ ಇರುವುದು ಕಂಡುಬಂದಿತ್ತು. ಹೀಗೆ ಪ್ರತಿಯೊಬ್ಬರ ಮನೆಯಲ್ಲಿಯೂ ಒಬ್ಬರಿರುವ ಕಾಯಿಲೆಗೆ ಯಾರೂ ಬೆದರುವುದಿಲ್ಲ, ಬೆದರಬೇಕಾಗಿಯೂ ಇಲ್ಲ. ಆದರೆ ಮಾತ್ರೆ ಹೊಂದಿಕೊಂಡ ಮೇಲಿನ ಥೈರಾಯ್ಡನ್ನು ಮಾತ್ರ ಕಂಡವರಿಗೆ, ಟಿಎಸ್‌ಎಚ್ 43 ಇರುವಾಗಿನ ದಿನಗಳು ಹೇಗಿರುತ್ತವೆಂಬುದು ಊಹೆಗೆ ಬರುವುದಿಲ್ಲ.

ಎಚ್.ಆರ್. ವಿಭಾಗದವರು ಸರ್ಟಿಫಿಕೇಟ್ ಕೇಳಿದರು. ಆಸ್ಪತ್ರೆಯಿಂದ ತಂದ ಮೊದಲ ಸರ್ಟಿಫಿಕೇಟಿನಲ್ಲಿ ರೋಗದ ಹೆಸರು, 'ಚಿಕಿತ್ಸೆಯಲ್ಲಿದ್ದಾರೆ', 'ವಿಶ್ರಾಂತಿಗೆ ಸಲಹೆ ನೀಡಲಾಗಿದೆ' ಎಂಬ ಮೂರೇ ಮಾತುಗಳಿದ್ದವು. ವಿಶ್ರಾಂತಿ ಎಂಬುದನ್ನು ಎಚ್.ಆರ್. ರಜೆ ಎಂದು ಓದಿಕೊಂಡಿತು. ರಜೆ ಹಾಕಿ ಗುಣವಾದ ಮೇಲೆ ಬನ್ನಿ ಎಂದರು. ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ ಪ್ರಕಾರ ಇಪ್ಪತ್ತು ದಿನದ ದುಡಿಮೆಗೆ ಒಂದು ದಿನದ ಸಂಬಳಸಹಿತ ರಜೆ. ಅದನ್ನೆಲ್ಲ ಒಟ್ಟುಗೂಡಿಸಿದರೂ ತಿಂಗಳುಗಟ್ಟಲೆ ಮನೆಯಲ್ಲಿ ಕೂರುವಂತಿರಲಿಲ್ಲ. ಸರ್ಕಾರಿ ಕಾರ್ಮಿಕ ವಿಮೆಯಾದ ಇಎಸ್‌ಐನಲ್ಲಿರುವವರಿಗೆ ಅನಾರೋಗ್ಯದ ಅವಧಿಯಲ್ಲಿ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ಶೇಕಡಾ 70ರಷ್ಟು ಸಿಗುತ್ತದೆ, ಆದರೆ ಅದರ 21,000 ರೂಪಾಯಿ ಸಂಬಳದ ಮಿತಿಯನ್ನು ನಾನು ದಾಟಿದ್ದೆ. ಕಂಪನಿಯ ಗುಂಪು ವಿಮೆಯಾದರೋ ಆಸ್ಪತ್ರೆಗೆ ದಾಖಲಾದರೆ ಮಾತ್ರ. ಅದಕ್ಕಿಂತ ಮುಖ್ಯವಾಗಿ, ನನಗೆ ರಜೆ ಬೇಕಾಗಿರಲೇ ಇಲ್ಲ.

ಕಾನೂನಿನಲ್ಲಿ ಏನಾದರೂ ಆಧಾರವಿದೆಯೇ ಎಂದು ಕಾರ್ಮಿಕ ವಕೀಲರೊಬ್ಬರನ್ನು ವಿಚಾರಿಸಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಸಮಂಜಸ ಹೊಂದಾಣಿಕೆ, ಅಂದರೆ ವ್ಯಕ್ತಿಯ ಅಗತ್ಯಕ್ಕೆ ತಕ್ಕಂತೆ ಬದಲಾವಣೆ ಮಾಡಿಕೊಡುವುದು, ಎಂಬ ಪರಿಕಲ್ಪನೆಯೇನೋ ಇದೆ, ಆದರೆ ಅದರ ಪಟ್ಟಿಯಲ್ಲಿರುವ 21 ಬಗೆಯ ವೈಕಲ್ಯಗಳಲ್ಲಿ ಥೈರಾಯ್ಡ್ ಇಲ್ಲ ಎಂದರು. ಇಂಗ್ಲೆಂಡಿನ ಕಾರ್ಖಾನೆಯೊಂದರಲ್ಲಿರುವ ನನ್ನ ಡಿಪ್ಲೊಮಾ ಸಹಪಾಠಿ ಫೋನಿನಲ್ಲಿ ಹೇಳಿದ ಪ್ರಕಾರ, ಅಲ್ಲಿನ 2010ರ ಸಮಾನತಾ ಕಾಯ್ದೆ ಪಟ್ಟಿಯ ಗೋಜಿಗೆ ಅಷ್ಟಾಗಿ ಹೋಗದೆ, ತೊಂದರೆ ಹನ್ನೆರಡು ತಿಂಗಳು ಬಾಳುವಂಥದ್ದೇ, ದಿನನಿತ್ಯದ ಕೆಲಸಕ್ಕೆ ಗಣನೀಯವಾಗಿ ಅಡ್ಡಬರುತ್ತದೆಯೇ ಎಂದು ನೋಡುತ್ತದೆ. ಅದನ್ನು ಅಳೆಯುವಾಗ ಔಷಧದಿಂದ ಸಿಕ್ಕ ಗುಣವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಥೈರಾಯ್ಡ್ ಹಾರ್ಮೋನ್ ನಿರಂತರ ತೆಗೆದುಕೊಳ್ಳುವವರಿಗೆ ಅಲ್ಲಿ ಔಷಧಚೀಟಿಯ ಶುಲ್ಕವೂ ಇಲ್ಲವಂತೆ. ಕೇಳಿ ಸಂತೋಷವಾಯಿತು, ಉಪಯೋಗವಾಗಲಿಲ್ಲ. ನಮ್ಮಲ್ಲಿ ಹಕ್ಕೆಂದು ಕೇಳಲು ದಾರಿಯಿಲ್ಲದಿರುವಾಗ, ಕೆಲಸ ನಡೆಯುವುದಕ್ಕೆ ಇದು ಬೇಕು ಎಂದು ಕೇಳುವುದೊಂದೇ ಉಳಿದದ್ದು. ಹಾಗೆ ಕೇಳುವುದಕ್ಕೆ ಕಾಗದವನ್ನೂ ಹಾಗೆಯೇ ಬರೆಯಬೇಕಿತ್ತು.

ಎರಡನೆಯ ಸಲ ವೈದ್ಯರ ಬಳಿಗೆ ಹೋಗುವಾಗ ನನ್ನ ಕೆಲಸದ ವಿವರವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋದೆ: ಕೋಣೆಯ ಉಷ್ಣತೆ ಎಷ್ಟು, ಎಷ್ಟು ಹೊತ್ತು ಕೂರಬೇಕು, ಕೈಯಲ್ಲಿ ಏನು ಹಿಡಿಯಬೇಕು, ಪಾಳಿ ಹೇಗೆ ತಿರುಗುತ್ತದೆ, ಕ್ಯಾಂಟೀನ್ ಎಷ್ಟು ಗಂಟೆಗೆ. ಅವರು ಅದನ್ನು ಪೂರ್ತಿ ಓದಿ, 'ಇದನ್ನ ಮೊದಲೇ ಯಾರೂ ತಂದು ತೋರಿಸಲ್ಲ' ಎಂದು ನಕ್ಕು, ಹೊಸ ಪತ್ರ ಬರೆಸಿದರು. ಅದರಲ್ಲಿ ರೋಗದ ಬಗ್ಗೆ ಒಂದೇ ವಾಕ್ಯ. ಉಳಿದದ್ದು ಹೀಗಿತ್ತು: ಇವರು ಕೆಲಸ ಮಾಡಲು ಶಕ್ತರು, ಔಷಧದ ಪ್ರಮಾಣ ನೆಲೆಗೊಳ್ಳುವವರೆಗೆ, ಅಂದಾಜು ನಾಲ್ಕು ತಿಂಗಳು, ರಾತ್ರಿ ಪಾಳಿಯಿಂದ ಬಿಡುವು ಅಪೇಕ್ಷಣೀಯ, ತಂಪು ಗಾಳಿ ನೇರವಾಗಿ ಬಡಿಯುವ ಜಾಗವನ್ನು ತಪ್ಪಿಸಬೇಕು, ಒಂದೇ ಸಮನೆ ಎರಡು ಗಂಟೆಗಿಂತ ಹೆಚ್ಚು ತಂಪು ಕೋಣೆಯಲ್ಲಿರಬಾರದು, ಬಲಗೈಯ ಮಣಿಕಟ್ಟನ್ನು ಪದೇ ಪದೇ ತಿರುಗಿಸುವ ಸೂಕ್ಷ್ಮ ಕೆಲಸ ಕಡಿಮೆಯಿರಬೇಕು, ಪರೀಕ್ಷೆಯ ದಿನ ಬೆಳಿಗ್ಗೆ ಎರಡು ಗಂಟೆಯ ಪರ್ಮಿಷನ್ ಬೇಕು, ಮುಂದಿನ ಟಿಎಸ್‌ಎಚ್ ವರದಿಯ ನಂತರ ಮರುಪರಿಶೀಲನೆ. ನನ್ನ ಮಟ್ಟಿಗೆ ಇಡೀ ವ್ಯವಹಾರದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಆ ಕೊನೆಯ ಸಾಲು. ಕೊನೆಯಿಲ್ಲದ ಕೋರಿಕೆಗೆ ಯಾವ ಮ್ಯಾನೇಜರೂ ಸಹಿ ಹಾಕುವುದಿಲ್ಲ.

ವಾರಕ್ಕೆರಡು ಬಾರಿ ಬರುವ ಕಂಪನಿಯ ವೈದ್ಯರ ಮುಂದೆ ಇದು ಹೋದಾಗ ಇನ್ನೊಂದು ತೊಡಕು ಎದುರಾಯಿತು. ಅವರ ಫಾರಂನಲ್ಲಿ ಇದ್ದದ್ದು ಎರಡೇ ಚೌಕ: ಯೋಗ್ಯ, ಅಯೋಗ್ಯ. ಅವರು ಪೆನ್ನು ಹಿಡಿದು ಸ್ವಲ್ಪ ಹೊತ್ತು ಯೋಚಿಸಿ, 'ಯೋಗ್ಯ' ಎಂಬ ಚೌಕಕ್ಕೆ ಗುರುತು ಹಾಕಿ, ಪಕ್ಕದ ಅಂಚಿನಲ್ಲಿ ಸಣ್ಣ ಅಕ್ಷರಗಳಲ್ಲಿ 'ಲಗತ್ತಿಸಿದ ಷರತ್ತುಗಳಿಗೆ ಒಳಪಟ್ಟು' ಎಂದು ಬರೆದು ಸಹಿ ಹಾಕಿದರು. ಸೀಲು ಆ ಅಕ್ಷರಗಳ ಮೇಲೆಯೇ ಬಿದ್ದು ಅರ್ಧ ಮಾಸಿತು. ನಾನು ಅಲ್ಲಿಯೇ ನಿಂತು ಇನ್ನೊಮ್ಮೆ ಬರೆಸಿಕೊಂಡೆ. ಲ್ಯಾಬ್ ವರದಿಗಳ ಪ್ರತಿ ಕೇಳಿದಾಗ ಮಾತ್ರ, ಅವನ್ನು ವೈದ್ಯರು ನೋಡಲಿ, ಕಡತಕ್ಕೆ ಬೇಡ ಎಂದು ವಿನಯದಿಂದ ಹೇಳಿದೆ, ಅವರು ಒಪ್ಪಿದರು.

ಕ್ವಾಲಿಟಿ ಮ್ಯಾನೇಜರ್, ಎಚ್.ಆರ್. ಮತ್ತು ನಾನು ಕೂತು ಮಾತನಾಡಿದ ದಿನ, ಪತ್ರದ ಅಂಶಗಳನ್ನು ಒಂದೊಂದಾಗಿ ತೆಗೆದುಕೊಂಡರು. ಕೋಣೆಯ ಉಷ್ಣತೆಯನ್ನು ಮುಟ್ಟುವಂತಿಲ್ಲ ಎಂದು ನಾನೇ ಮೊದಲು ಹೇಳಿಬಿಟ್ಟದ್ದರಿಂದ ಮಾತು ಸುಸೂತ್ರವಾಯಿತು. ಎರಡು ಗಂಟೆಯ ಮಿತಿಗೆ ಉತ್ತರ ನಮ್ಮ ಕೆಲಸದ ಕ್ರಮದಲ್ಲಿಯೇ ಇತ್ತು. ಮೆಷಿನ್ನಿನಿಂದ ಬಿಸಿಯಾಗಿ ಬಂದ ಬಿಡಿಭಾಗವನ್ನು ತಕ್ಷಣ ಅಳೆಯುವಂತಿಲ್ಲ. ಅದು ಕೋಣೆಯ ಉಷ್ಣತೆಗೆ ಇಳಿಯುವವರೆಗೆ ಗ್ರಾನೈಟ್ ಸರ್ಫೇಸ್ ಪ್ಲೇಟಿನ, ಅಂದರೆ ಅಳತೆಗೆ ಆಧಾರವಾಗುವ ಸಮತಟ್ಟಾದ ಕಲ್ಲಿನ, ಮೇಲೆ ಇಟ್ಟು ಕಾಯಬೇಕು. ಆ ಹೊತ್ತಿನಲ್ಲಿ ಒಳಗೆ ಕೂತು ಕಾಗದ ತುಂಬುವ ಬದಲು ಹೊರಗೆ ಹೋಗಿ ಶಾಪ್ ಫ್ಲೋರಿನ ಸ್ಟೇಜ್ ಇನ್‌ಸ್ಪೆಕ್ಷನ್, ಅಂದರೆ ತಯಾರಿಕೆಯ ನಡುವಿನ ಹಂತಗಳ ತಪಾಸಣೆ, ನೋಡಿಕೊಳ್ಳುತ್ತೇನೆಂದೆ. ಬೋರುಗಳ ವಿಷಯದಲ್ಲಿ, ಗಿರಾಕಿಯ ಫಾರಂನಲ್ಲಿ ಒಂದೇ ಸಹಿಗೆ ಜಾಗವಿರುವುದರಿಂದ ಇನ್ನೊಬ್ಬರು ಮರುಪರೀಕ್ಷೆ ಮಾಡುವ ನನ್ನ ಸಲಹೆ ಬಿದ್ದುಹೋಯಿತು. ಬದಲಿಗೆ, ಹಳೆಯ ಪ್ರಾಜೆಕ್ಟೊಂದಕ್ಕೆ ತರಿಸಿ ಕಪಾಟಿನಲ್ಲಿಟ್ಟಿದ್ದ ಏರ್ ಗೇಜನ್ನು ಮ್ಯಾನೇಜರ್ ನೆನಪಿಸಿಕೊಂಡರು. ಅದರ ಪ್ಲಗ್ಗನ್ನು ರಂಧ್ರಕ್ಕೆ ಇಳಿಸಿದರೆ ಸಾಕು, ತೂಗುವ ಕೆಲಸವಿಲ್ಲ, ಗಾಳಿಯ ಒತ್ತಡವೇ ರೀಡಿಂಗ್ ಕೊಡುತ್ತದೆ. ಅದನ್ನು ಕ್ಯಾಲಿಬ್ರೇಷನ್ ಮಾಡಿಸಿ ತಂದ ಮೇಲೆ ಎಲ್ಲರ ಬೋರ್ ಪರೀಕ್ಷೆಯೂ ಬೇಗ ಮುಗಿಯತೊಡಗಿತು.

ನೇರ ಗಾಳಿಯ ವಿಷಯ ಬಗೆಹರಿದ ರೀತಿ ನೆನೆದರೆ ಈಗಲೂ ನಗು ಬರುತ್ತದೆ. ಎಸಿ ಡಕ್ಟಿನ ಬಾಯಿಗೆ ಒಂದು ತಡೆ ಹಾಕಿಸಿಕೊಡಿ ಎಂದರೆ ಮೆಯಿಂಟೆನೆನ್ಸ್‌ನವರು ಒಪ್ಪಿರಲಿಲ್ಲ. ಮ್ಯಾನೇಜರ್ ಹೇಳಿದ ಮೇಲೆ ಗಾಳಿಯ ಹರಿವು ನೋಡಲು ಬಂದವರು, ಅದು ನನ್ನ ಹೆಗಲಿಗೆ ಬಡಿಯುವ ಮುನ್ನ ಸರ್ಫೇಸ್ ಪ್ಲೇಟಿನ ಒಂದು ಮೂಲೆಗೆ ಬಡಿಯುತ್ತಿರುವುದನ್ನು ಕಂಡರು. ಕಲ್ಲಿನ ಒಂದು ಬದಿ ಹೆಚ್ಚು ತಂಪಾದರೆ ಅದರ ಸಮತಲವೇ ಕೆಡುತ್ತದೆ. ಮರುದಿನವೇ ಡಿಫ್ಲೆಕ್ಟರ್ ಬಂತು. ನಾನು ಕೇಳಿದಾಗ ಆಗದ್ದು ಕಲ್ಲಿಗೆ ಬೇಕೆಂದಾಗ ಆಯಿತು.

ಕಷ್ಟವಾದದ್ದು ರಾತ್ರಿ ಪಾಳಿ. ಸ್ಟ್ಯಾಂಡರ್ಡ್ ರೂಮಿನಲ್ಲಿ ನಾವು ನಾಲ್ವರು. ನಾನು ರಾತ್ರಿ ಬರದಿದ್ದರೆ ಉಳಿದ ಮೂವರ ಮೇಲೆ ಅದು ಬೀಳುತ್ತದೆ. ನೆಲಮಂಗಲದಲ್ಲಿ ಮನೆ ಕಟ್ಟಿಸುತ್ತಿದ್ದ ಕಿರಿಯ ಸಹೋದ್ಯೋಗಿಗೆ ರಾತ್ರಿ ಪಾಳಿಯ ಭತ್ಯೆ ಬೇಕಾಗಿದ್ದುದರಿಂದ ಅವನು ಸಂತೋಷದಿಂದ ಒಪ್ಪಿದ. ನಮ್ಮಲ್ಲಿ ಹಿರಿಯರಾದವರು ಮಾತ್ರ ಟೀ ಹೊತ್ತಿನಲ್ಲಿ ಎಲ್ಲರೆದುರೇ, 'ನನಗೆ ಶುಗರ್ ಬಂದು ಎಷ್ಟು ವರ್ಷ ಆಯ್ತಪ್ಪ, ನಾನು ಯಾವತ್ತಾದ್ರೂ ನೈಟ್ ಬೇಡ ಅಂದಿದ್ದೀನಾ?' ಎಂದರು. ಆ ಮಾತಿನಲ್ಲಿ ಅಸೂಯೆ ಇರಲಿಲ್ಲ, ನ್ಯಾಯವಿತ್ತು. ಅವರೂ ಇನ್ಸುಲಿನ್ನನ್ನು ರಾತ್ರಿ ಪಾಳಿಗೆ ಹೊಂದಿಸಿಕೊಳ್ಳಲು ಒದ್ದಾಡಿದವರೇ, ಕೇಳಬಹುದೆಂದು ಅವರಿಗೆ ಯಾರೂ ಹೇಳಿರಲಿಲ್ಲ ಅಷ್ಟೆ. ನಾನು ಅವರ ಎರಡನೇ ಪಾಳಿಗಳನ್ನು ಹೆಚ್ಚಾಗಿ ತೆಗೆದುಕೊಳ್ಳುತ್ತೇನೆ, ಹಬ್ಬದ ಮುಂದಿನ ಶನಿವಾರಗಳೂ ನನಗಿರಲಿ ಎಂದೆ; ಹಾಗೆ ಒಂದು ಒಪ್ಪಂದವಾಯಿತು. ಮೂರು ತಿಂಗಳಿಗೆ ಮಂಜೂರಾತಿ ಸಿಕ್ಕಿತು, ಕೇಳಿದ್ದು ನಾಲ್ಕು. ರಾತ್ರಿ ಭತ್ಯೆ ಕೈತಪ್ಪಿ ಮನೆಯ ಲೆಕ್ಕ ಬಿಗಿಯಾಯಿತು. ಸಂಬಳ ಮಾತ್ರ ಕಡಿಮೆಯಾಗಬಾರದೆಂದು ನಾನು ಬರೆಸಿಕೊಂಡಿದ್ದೆ.

ಆ ತಿಂಗಳುಗಳಲ್ಲಿ ಸಿಕ್ಕ ಸಲಹೆಗಳಿಗೆ ಲೆಕ್ಕವಿಲ್ಲ. ಎಲೆಕೋಸು, ಹೂಕೋಸು ಮುಟ್ಟಬೇಡಿ ಎಂದವರೇ ಹೆಚ್ಚು. ಬೇಯಿಸಿದ ಪಲ್ಯವನ್ನು ಸಾಮಾನ್ಯವಾಗಿ ತಿನ್ನುವಷ್ಟು ತಿಂದರೆ ಏನೂ ಆಗದೆಂದು ವೈದ್ಯರು ಹೇಳಿದ ಮೇಲೆ ಕ್ಯಾಂಟೀನಿನ ಪಲ್ಯವನ್ನು ನೆಮ್ಮದಿಯಿಂದ ತಿಂದೆ. ಕೂದಲು ಉದುರುವುದಕ್ಕೆಂದು ಮನೆಯಲ್ಲಿ ತಂದಿಟ್ಟಿದ್ದ ಬಯೋಟಿನ್ ಮಾತ್ರೆಯ ಬಗ್ಗೆ ಮಾತ್ರ ಅವರು ಎಚ್ಚರಿಸಿದರು: ಅದು ಗ್ರಂಥಿಗೆ ಏನೂ ಮಾಡುವುದಿಲ್ಲ, ಆದರೆ ಕೆಲವು ಲ್ಯಾಬ್ ವಿಧಾನಗಳಲ್ಲಿ ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ ತೋರಿಸುವಂತೆ ಮಾಡುತ್ತದೆ, ಆದ್ದರಿಂದ ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲೇ ನಿಲ್ಲಿಸಬೇಕು. ಗೇಜೇ ತಪ್ಪು ತೋರಿಸುವ ಸಾಧ್ಯತೆ ನಮ್ಮ ಕಸುಬಿನವರಿಗೆ ಬೇಗ ಅರ್ಥವಾಗುತ್ತದೆ. ರಕ್ತ ಕೊಡುವ ದಿನ ಆ ದಿನದ ಮಾತ್ರೆಯನ್ನು ರಕ್ತ ಕೊಟ್ಟ ಮೇಲೆಯೇ ನುಂಗುತ್ತಿದ್ದೆ. ಪತ್ರದಲ್ಲಿದ್ದ ಎರಡು ಗಂಟೆಯ ಪರ್ಮಿಷನ್ ಅದಕ್ಕೇ ಬೇಕಾಗಿದ್ದುದು.

ಪ್ರಮಾಣ 100 ಮೈಕ್ರೋಗ್ರಾಂಗೆ ಬಂದು ನಿಂತಾಗ ಟಿಎಸ್‌ಎಚ್ ಮಿತಿಯೊಳಗೆ ಇಳಿಯಿತು. ಚಳಿ ಮೊದಲು ಹೋಯಿತು, ಮಂಕು ಆಮೇಲೆ. ಬೆರಳಿನ ಜೋಮು ಎಲ್ಲಕ್ಕಿಂತ ನಿಧಾನ. ಮಂಜೂರಾದ ಅವಧಿ ಮುಗಿದಾಗ ನಾನಾಗಿಯೇ ಮರುಪರಿಶೀಲನೆಗೆ ಬರೆದುಕೊಟ್ಟೆ. ಒಂದು ತಿಂಗಳು ವಿಸ್ತರಿಸಿ, ಆಮೇಲೆ ತಿಂಗಳಿಗೊಂದು ವಾರ ರಾತ್ರಿ ಪಾಳಿ, ಅದನ್ನೂ ಹದಿನೈದು ದಿನ ಮುಂಚೆ ತಿಳಿಸಬೇಕು ಎಂದು ತೀರ್ಮಾನವಾಯಿತು. ಮುಂಚೆ ತಿಳಿದರೆ ಮಾತ್ರೆಯ ಹೊತ್ತನ್ನು ಹೊಂದಿಸಿಕೊಳ್ಳಬಹುದು: ಆ ವಾರ ರಾತ್ರಿಯ ಕ್ಯಾಂಟೀನ್ ಊಟವಾದ ಮೇಲೆ ನಾಲ್ಕರ ಟೀ ಬಿಟ್ಟು, ಮನೆಗೆ ಬಂದ ಕೂಡಲೇ ಮಾತ್ರೆ, ಸ್ನಾನ, ಗಂಟೆ ಕಳೆದ ಮೇಲೆ ತಿಂಡಿ. ಆ ವರ್ಷದ ಅಪ್ರೈಸಲ್‌ನಲ್ಲಿ 'ಲಭ್ಯತೆ' ಎಂಬ ಸಾಲಿಗೆ ನನಗೆ ಕಡಿಮೆ ಅಂಕ ಬಂತು. ಮಂಜೂರಾತಿ ಪತ್ರವನ್ನು ಲಗತ್ತಿಸಿ ಆಕ್ಷೇಪಣೆ ಬರೆದೆ. ಅಂಕ ಬದಲಾಗಲಿಲ್ಲ, ಆಕ್ಷೇಪಣೆಯನ್ನು ಕಡತದಲ್ಲಿ ಸೇರಿಸಿಕೊಂಡರು. ಇದು ನನಗೆ ಸರಿಯೆನಿಸಿಲ್ಲ, ಹಾಗೆಂದು ಅವರಿಗೆ ಹೇಳಿಯೂ ಇದ್ದೇನೆ.

ಕಂಪನಿಯ ವೈದ್ಯರ ಫಾರಂನಲ್ಲಿ ಈಗ ಮೂರನೆಯ ಚೌಕವೊಂದು ಬಂದಿದೆ. ಶುಗರ್ ಇರುವ ನಮ್ಮ ಹಿರಿಯರು ನನ್ನ ಪತ್ರದ ನಮೂನೆಯನ್ನು ಕೇಳಿ ಪಡೆದು, ಕೆಲಸದ ವಿವರದ ಹಾಳೆಯನ್ನು ತಾವೇ ಬರೆದುಕೊಂಡು ತಮ್ಮ ವೈದ್ಯರ ಬಳಿಗೆ ಹೋದರು. ಅವರ ಅರ್ಜಿ ಇನ್ನೂ ಎಚ್.ಆರ್. ಮೇಜಿನ ಮೇಲಿದೆ. ನನ್ನ ಏರ್ಪಾಟು ಕಂಪನಿಯ ನಿಯಮಾವಳಿಯಲ್ಲಿ ಎಲ್ಲಿಯೂ ಇಲ್ಲ, ಇರುವುದು ಒಂದು ಕಡತದಲ್ಲಿ ಮಾತ್ರ. ಆದ್ದರಿಂದ ಕಳೆದ ಸಲ ಎಚ್.ಆರ್. ಅಧಿಕಾರಿ ಬದಲಾದಾಗ ಎಲ್ಲವನ್ನೂ ಮೊದಲಿನಿಂದ ವಿವರಿಸಿ ಹೊಸ ಪತ್ರ ಕೊಡಬೇಕಾಯಿತು. ಈಗ ವರ್ಷದ ಟಿಎಸ್‌ಎಚ್ ಪರೀಕ್ಷೆಯಾದ ವಾರವೇ, ಯಾರೂ ಕೇಳುವ ಮೊದಲು, ವೈದ್ಯರಿಂದ ಪತ್ರವನ್ನು ನವೀಕರಿಸಿಕೊಂಡು ಸ್ವೀಕೃತಿಯ ಸಹಿಯೊಂದಿಗೆ ಒಂದು ಪ್ರತಿಯನ್ನು ಇಟ್ಟುಕೊಳ್ಳುತ್ತೇನೆ.